ಗಟ್ಟಿಗಿತ್ತಿ ಹೋದ ದಾರಿ

೧೧ ಅಕ್ಟೋಬರ್ ೨೦೦೭, ಗುರುವಾರ

ಅಕ್ಕಾ,

ನೀನು ತೀರಿಹೋಗಿ ಮೂರು ವರ್ಷವಾದರೂ ನಿನಗೆ ಬರೆಯುವ ಚಾಳಿ ಬಿಟ್ಟಿಲ್ಲ. ಆಗ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದೆ, ಯಾರಾದರೂ ನಿನಗೆ ಓದಿ ಹೇಳುತ್ತಿದ್ದರು. ಈಗ ಔಷಧಿ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿಯಲ್ಲಿ ಬರೆಯುತ್ತೇನೆ. ಓದುವವರಿಲ್ಲ, ಹಾಗಾಗಿ ನಗುವವರೂ ಇಲ್ಲ. ದನದ ಆಸ್ಪತ್ರೆಯಲ್ಲಿ ಬಾಟಲಿ ತೊಳೆಯುತ್ತ, ಅದರ ಮೇಲಿನ ಚೀಟಿ ನೋಡಿ ಅಕ್ಷರ ಕಲಿತವನು ಇಷ್ಟು ಬರೆದರೆ ಸಾಕು.

ಇವತ್ತು ಇಲ್ಲಿ ನರಸಿಂಹರಾಜಪುರದಲ್ಲಿ ಮೊದಲ ಬಸ್ಸು ಹತ್ತಿ ಕೊಪ್ಪಕ್ಕೆ ಹೋಗಿ ನಿನ್ನ ಮಗಳು ಸುಬ್ಬಿಯ ಹಂದಿಗೂಡು ನೋಡಿ ಬಂದೆ. ಹದಿನಾಲ್ಕು ಹಂದಿ ಅಕ್ಕಾ! ಗಂಡ ಬಿಟ್ಟು ಹೋದ ಮೇಲೆ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯ ಒಂದು ಕೋಣೆಯಲ್ಲಿ ಆರು ವರ್ಷ ಸವೆಸಿದವಳು ಈಗ ತನ್ನ ಗೂಡಿಗೆ ತಾನೇ ಸಿಮೆಂಟು ಮೆತ್ತಿಕೊಂಡಿದ್ದಾಳೆ.

"ಎಸ್ಟೇಟಲ್ಲಿ ಹಾಜರಿ ಬರೆಯೋ ರೈಟ್ರು ದಾರೀಲಿ ಸಿಕ್ಕಿದ್ರು ಮಾವ," ಅಂದಳು. "'ಸುಬ್ಬಿ, ನಿನ್ ಕೋಣೆ ಇನ್ನೂ ಖಾಲಿನೇ ಇದೆ' ಅಂದ್ರು. 'ಚಳಿ ಬಂತಲ್ಲ, ನೀವೇ ಇರಿ ರೈಟ್ರೇ' ಅಂದೆ."

ಆ ಗೂಡಿನ ಸಣ್ಣ ಮರಿ ಗಟ್ಟಿಗಿತ್ತಿಯ ಸಂಗತಿ ನಿನಗೆ ಹೇಳಿರಲಿಲ್ಲ. ಜುಲೈಯಲ್ಲಿ ನಮ್ಮೂರಿನ ಮಲೆಯಾಳಿ ಕುರಿಯಾಕೋಸನ ದೊಡ್ಡ ಹಂದಿ ಮರಿ ಹಾಕುವಾಗ ನಾನೇ ಪಕ್ಕದಲ್ಲಿದ್ದೆ. ಹನ್ನೊಂದರಲ್ಲಿ ಆರು ಹುಟ್ಟುವಾಗಲೇ ಸತ್ತಿದ್ದವು. ನಾಲ್ಕು ಮರಿ ಎರಡು ದಿನ ನಡುಗಿ ನಡುಗಿ ಹೋದವು. ಒಂದೇ ಒಂದು ಹೆಣ್ಣು ಮರಿ ಮಾತ್ರ ಏನೂ ಆಗದವಳ ಹಾಗೆ ಹಾಲು ಕುಡಿಯುತ್ತಿತ್ತು. ಮರಿಗಳ ಬೀಜ ತೆಗೆಯುವ ನನ್ನಂಥವನಿಗೆ ವರ್ಷಕ್ಕೊಂದು ಮರಿ, ಅದೂ ಅವನು ಆರಿಸಿದ್ದು, ಎಂಬುದು ನಮ್ಮ ಕಡೆಯ ರೂಢಿ. ಕುರಿಯಾಕೋಸನ ಗೂಡಿನಲ್ಲಿ ಈ ವರ್ಷದ ನನ್ನ ಮರಿ ಇದೇ ಎಂದೆ. "ಇಷ್ಟು ಸಣ್ಣದು ಎಂತಕ್ಕೆ ಚೇಟ್ಟಾ, ಬೇರೆ ತಗೊಳ್ಳಿ," ಎಂದು ಅವನು ನಕ್ಕ. ನಲವತ್ತು ವರ್ಷ ನೋಡಿದ ಕಣ್ಣು ನನ್ನದು. ಎಲ್ಲ ಸಾಯುವ ಕಡೆ ಒಂದು ಉಳಿಯಿತು ಎಂದರೆ ಅದರ ಜೀವ ಕಬ್ಬಿಣ. ಎರಡು ತಿಂಗಳಾದ ಮೇಲೆ ಅದನ್ನು ಸುಬ್ಬಿಗೆ ಕೊಟ್ಟೆ. ಗಟ್ಟಿಗಿತ್ತಿ ಎಂದು ಹೆಸರಿಟ್ಟವಳು ಅವಳೇ. ಮೈ ಇನ್ನೂ ನಾಯಿಮರಿಯಷ್ಟೇ ಇದೆ. ಆದರೆ ಕಲಗಚ್ಚಿನ ಮರಿಗೆಯ ಹತ್ತಿರ ದೊಡ್ಡವನ್ನೆಲ್ಲ ದೂಡಿ ತಿನ್ನುತ್ತದೆ.

೨ ನವೆಂಬರ್, ಶುಕ್ರವಾರ

ಅಕ್ಕಾ, ಸುಬ್ಬಿ ಪಕ್ಕದ ಮನೆಯ ಫೋನಿನಿಂದ ಮಾತಾಡಿದಳು. ದೊಡ್ಡ ತಾಯಿ ಹಂದಿ ಎರಡು ದಿನದಿಂದ ಕಲಗಚ್ಚು ಮೂಸಿಯೂ ನೋಡಿಲ್ಲವಂತೆ. ಹೋದೆ. ಮೈ ಕಾದ ಹೆಂಚು. ಕಣ್ಣಿಗೆ ಪಿಸುರು ಕಟ್ಟಿ ರೆಪ್ಪೆ ಅಂಟಿತ್ತು. ನನಗೆ ಗೊತ್ತಿರುವ ಜ್ವರದ ಇಂಜೆಕ್ಷನ್ ಕೊಟ್ಟೆ. ನಾಡಿದ್ದು ಎದ್ದು ನಿನ್ನನ್ನೇ ಅಟ್ಟಿಸಿಕೊಂಡು ಬರುತ್ತದೆ ನೋಡು ಎಂದು ಸುಬ್ಬಿಗೆ ಹೇಳಿ ಬಂದೆ.

೫ ನವೆಂಬರ್, ಸೋಮವಾರ

ತಾಯಿ ಹಂದಿ ಸತ್ತಿತು. ಇನ್ನೂ ಎರಡು ಸತ್ತವು. ಕಿವಿ, ಹೊಟ್ಟೆ ಎಲ್ಲ ನೇರಳೆ ಹಣ್ಣಿನ ಬಣ್ಣ. ಉಳಿದವು ಚಳಿಗೆಂಬಂತೆ ಒಂದರ ಮೇಲೊಂದು ಬಿದ್ದುಕೊಂಡಿವೆ. ಎಬ್ಬಿಸಿದರೆ ಹಿಂಗಾಲು ಕುಡುಕರ ಹಾಗೆ ತೂರಾಡುತ್ತವೆ. ನಲವತ್ತು ವರ್ಷದಲ್ಲಿ ಒಂದು ಹಂದಿ, ಎರಡು ಹಂದಿ ಸತ್ತದ್ದು ಕಂಡಿದ್ದೇನೆ. ಇದು ಹಾಗಲ್ಲ ಅಕ್ಕಾ. ನನ್ನ ಕೈಗೆ ಏನೂ ತಿಳಿಯುತ್ತಿಲ್ಲ.

ಪೇಟೆಯ ಹೋಟೆಲಿನಿಂದ ಸುಬ್ಬಿ ತರುವ ಕಲಗಚ್ಚಿನಲ್ಲೇ ಏನೋ ಬಂದಿರಬೇಕು. ಅದನ್ನೇ ಹೇಳಿ ಅವಳಿಗೆ ಬೈದೆ. ಅವಳು ಕಲಗಚ್ಚಿನ ಬಕೆಟ್ಟು ತೊಳೆದು ಬೋರಲು ಹಾಕಿದಳು.

೯ ನವೆಂಬರ್, ಶುಕ್ರವಾರ. ದೀಪಾವಳಿ

ಊರಿಗೆಲ್ಲ ಪಟಾಕಿ. ನಾವು ಗುಂಡಿ ತೋಡಿದೆವು. ಸತ್ತದ್ದು ಒಂಬತ್ತಾಯಿತು.

೧೨ ನವೆಂಬರ್, ಸೋಮವಾರ

ಅಕ್ಕಾ, ಹದಿಮೂರೂ ಹೋದವು. ಬೆಳಿಗ್ಗೆ ಕೊನೆಯದನ್ನು ಎಳೆದು ಹಾಕುವಾಗ ಸುಬ್ಬಿ ಅದರ ಕಾಲು ಹಿಡಿದವಳು ಹಾಗೇ ಕೂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ವಾಸಿಯಾಗುತ್ತಿತ್ತು.

ಕೊಪ್ಪದ ದನದ ಆಸ್ಪತ್ರೆಯ ಹೊಸ ಡಾಕ್ಟರಮ್ಮ ಬಂದಿದ್ದರು, ಶ್ರೀರಂಜನಿ ಎಂದು. ಶೃಂಗೇರಿ ಕಡೆ ಭಟ್ಟರ ಮನೆಯವರು. ಸತ್ತ ಹಂದಿಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದು ಕಂಡು ಬೇಲಿಯಾಚೆಯ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಬ್ಬಳು ಕೇಳಿಯೇಬಿಟ್ಟಳು, "ಅಮ್ಮಾ, ನಿಮ್ಮನೇಲಿ ಇದು ಗೊತ್ತುಂಟಾ?"

"ಗೊತ್ತು. ಮಿಂದ್ಕೊಂಡು ಒಳಗೆ ಬಾ ಅಂತಾರೆ, ಅಷ್ಟೆ."

ಇದು ಹಂದಿಗೆ ಮಾತ್ರ ಬರುವ ವೈರಸ್ ಜ್ವರ, ಮನುಷ್ಯರಿಗೆ ತಗಲುವುದಿಲ್ಲ, ಬಂದ ಮೇಲೆ ಮದ್ದೂ ಇಲ್ಲ ಎಂದರು. ಒಳಗಿನ ಅಂಗದ ತುಂಡುಗಳನ್ನು ಐಸ್ ಪೆಟ್ಟಿಗೆಗೆ ಹಾಕಿಕೊಂಡರು. ಗಟ್ಟಿಗಿತ್ತಿಯ ಕಿವಿಯಿಂದ ರಕ್ತವನ್ನೂ ತೆಗೆದರು. ಅದು ಏನೂ ಆಗದೆ ನಿಂತಿತ್ತು ಅಕ್ಕಾ! ಹದಿಮೂರು ಸತ್ತ ಗೂಡಿನಲ್ಲಿ ನಿಂತು ಕಲಗಚ್ಚಿನ ಮರಿಗೆಯನ್ನು ನೆಕ್ಕುತ್ತಿತ್ತು.

"ಗಿಡ್ಡಯ್ಯನವರೇ, ನಿಮಗೆ ಗೊತ್ತಿರತ್ತೆ," ಎಂದರು ಡಾಕ್ಟರಮ್ಮ. "ಇಲ್ಲಿಂದ ಒಂದು ಹಂದಿನೂ ಆಚೆ ಹೋಗಬಾರದು. ಈ ಸಣ್ಣದೂ ಸೇರಿ. ಇನ್ನೊಂದು ಸಲ ಇದರ ರಕ್ತ ಬೇಕು ನಂಗೆ."

ಆಯ್ತಮ್ಮ ಎಂದು ತಲೆಯಾಡಿಸಿದೆ.

೧೩ ನವೆಂಬರ್, ಮಂಗಳವಾರ

ತಲೆಯಾಡಿಸಿದೆ ಹೌದು. ಆದರೆ ನೀನೇ ಹೇಳು, ರೋಗ ತುಂಬಿದ ಗೂಡಿನಲ್ಲಿ ಆ ಒಂದು ಜೀವವನ್ನು ಬಿಡುವುದು ಹೇಗೆ? ಸುಬ್ಬಿಗೆ ಉಳಿದಿರುವುದು ಅದೊಂದೇ. ಅದು ಬೆಳೆದು ಮರಿ ಹಾಕಿದರೆ ಮತ್ತೆ ಗೂಡು ತುಂಬುತ್ತದೆ. ಅದೂ ಹೋದರೆ ಲೈನಿನ ಕೋಣೆ ಕಾದೇ ಇದೆ. ಡಾಕ್ಟರಮ್ಮನಿಗೆ ಓದು ಇದೆ, ಅನುಭವ ಇಲ್ಲ.

ಅಕ್ಕಿ ಚೀಲಕ್ಕೆ ತೂತು ಮಾಡಿ, ಮೂತಿ ಹೊರಗಿಟ್ಟು, ಶೃಂಗೇರಿ ಬಸ್ಸು ಹತ್ತಿದೆ. ಕೆರೆಕಟ್ಟೆಯ ಬೂತಪ್ಪನ ಮನೆ ಕಾಡಿನ ಅಂಚು. ಅಲ್ಲಿಗೆ ಯಾವ ರೋಗ ಹುಡುಕಿಕೊಂಡು ಹೋಗುತ್ತದೆ?

"ಎಂತ ಅಜ್ಜ ಅದು, ಕೋಳಿಯಾ?" ಎಂದ ಕಂಡಕ್ಟರ್.

"ಹ್ಞೂಂ, ನಾಲ್ಕು ಕಾಲಿಂದು."

"ಮೊಟ್ಟೆ ಇಟ್ರೆ ನಂಗೊಂದು ಕೊಡಿ," ಎಂದು ನಗುತ್ತ ಮುಂದೆ ಹೋದ.

ಬೂತಪ್ಪ ನನ್ನ ಹಳೆಯ ದೋಸ್ತಿ. ಅವನಿಗೂ ಏಳು ಹಂದಿ ಇವೆ. ಚೀಲ ಬಿಚ್ಚಿ, "ಹದಿಮೂರು ಸತ್ತರೂ ಸಾಯದ ಜೀವ ಮಾರಾಯ, ಎರಡು ತಿಂಗಳು ಇಟ್ಕೋ" ಎಂದೆ. "ಇಡು ಇಡು, ನಮ್ಮವೂ ಇದರ ಹತ್ರ ಗಟ್ಟಿ ಇರೋದು ಕಲೀಲಿ" ಎಂದ. ಮನಸ್ಸು ಹಗುರವಾಯಿತು ಅಕ್ಕಾ. ನಿನ್ನ ಮಗಳ ನಾಳೆಯನ್ನು ಚೀಲದಲ್ಲಿ ಹೊತ್ತು ಭದ್ರವಾದ ಕಡೆ ಇಟ್ಟು ಬಂದ ಹಾಗಾಯಿತು.

೨೬ ನವೆಂಬರ್, ಸೋಮವಾರ

ಡಾಕ್ಟರಮ್ಮ ಎರಡನೇ ಸಲದ ರಕ್ತಕ್ಕೆಂದು ಬಂದರು. ಸಣ್ಣ ಮರಿ ಎಲ್ಲಿ ಎಂದು ಕೇಳಿದರು.

"ಅದೂ ಸತ್ತಿತು ಅಮ್ಮ, ಹೂತೆ," ಎಂದೆ.

ಬಾಯಿಗೆ ಎಷ್ಟು ಸಲೀಸಾಗಿ ಬಂತು! ಸುಬ್ಬಿ ನೆಲ ನೋಡುತ್ತಿದ್ದಳು. ಡಾಕ್ಟರಮ್ಮ "ಛೆ, ಪಾಪ" ಎಂದರು. ಸರ್ಕಾರದ ಯೋಜನೆಯಲ್ಲಿ ನಾಲ್ಕು ಹೊಸ ಮರಿ ಕೊಡಿಸಲು ಸುಬ್ಬಿಯ ಹೆಸರು ಬರೆದುಕೊಂಡು ಹೋದರು. ಜನವರಿ ಹನ್ನೊಂದಕ್ಕೆ ಬರುತ್ತವಂತೆ.

೧ ಡಿಸೆಂಬರ್, ಶನಿವಾರ

ಅಕ್ಕಾ, ಕೆರೆಕಟ್ಟೆಗೆ ಹೋಗಿ ಬಂದೆ.

ಬೂತಪ್ಪ ಅಂಗಡಿ ಫೋನಿನಿಂದ "ಒಂದ್ಸಲ ಬಾ ಮಾರಾಯ" ಎಂದಷ್ಟೇ ಹೇಳಿದ್ದ. ಹೋಗಿ ನೋಡಿದರೆ ಗೂಡಿನಲ್ಲಿ ಸದ್ದಿಲ್ಲ. ಐದನ್ನು ಆಗಲೇ ಹೂತಿದ್ದರು. ಎರಡು ಬಿದ್ದುಕೊಂಡಿದ್ದವು, ಅದೇ ನೇರಳೆ ಕಿವಿ. ಬಾಗಿಲಿನಲ್ಲಿ ನನ್ನ ಕಾಲ ಸಪ್ಪಳ ಕೇಳಿದ್ದೇ, ಅವೆರಡನ್ನೂ ತುಳಿದುಕೊಂಡು ಗಟ್ಟಿಗಿತ್ತಿ ಓಡಿ ಬಂತು. ಮೂತಿ ಎತ್ತಿ ತಿನ್ನಲು ಕೇಳಿತು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಯಾಕೆ ಸರಿದೆ? ಎಂಟು ಸೇರು ತೂಗದ ಮರಿ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಶೃಂಗೇರಿಯ ಡಾಕ್ಟರು ಬಂದು ತುಂಡು ತೆಗೆದುಕೊಂಡು ಹೋಗಿದ್ದರು. ಹೊರಗಿನಿಂದ ಹಂದಿ ತಂದಿದ್ದೀರಾ ಎಂದು ಅವರು ಕೇಳಿದಾಗ ಬೂತಪ್ಪ ಇಲ್ಲ ಎಂದನಂತೆ. ಈ ಮರಿಯನ್ನು ಕಟ್ಟಿಗೆ ಮನೆಯಲ್ಲಿ ಮುಚ್ಚಿಟ್ಟಿದ್ದನಂತೆ. ಕಾಡುಹಂದಿಯಿಂದ ಬಂದಿರಬೇಕು ಎಂದು ಬರೆದುಕೊಂಡರಂತೆ.

"ಇದನ್ನ ತಗೊಂಡು ಹೋಗು ಗಿಡ್ಡಣ್ಣ," ಎಂದ ಬೂತಪ್ಪ. "ಇದು ಹೀಗೆ ನೋಡ್ತಾ ನಿಂತ್ರೆ ನಮ್ಮನೆಯವಳಿಗೆ ಅನ್ನ ಇಳಿಯಲ್ಲ."

ಮತ್ತೆ ಚೀಲ. ಮತ್ತೆ ಬಸ್ಸು. ಸುಬ್ಬಿಯ ಗೂಡಿಗೇ ತಂದು ಬಿಟ್ಟೆ. ಅವಳು ಓಡಿ ಬಂದು ಎತ್ತಿಕೊಂಡಳು. ಬೂತಪ್ಪನ ಹಂದಿಗಳ ಸುದ್ದಿ ಅವಳಿಗೆ ಹೇಳಲಿಲ್ಲ. ಕಾಡುಹಂದಿಯದೇ ಇರಬೇಕು. ಕಾಡಿನ ಅಂಚಲ್ಲವೇ.

೨೩ ಡಿಸೆಂಬರ್, ಭಾನುವಾರ

ಸುಬ್ಬಿ ಗೂಡಿಗೆ ಸುಣ್ಣ ಬಳಿದಿದ್ದಾಳೆ. ನಾಲ್ಕು ಹೊಸ ಮರಿಗಳಿಗೆ ಹಲಗೆ ಬಡಿದು ಜಾಗ ಮಾಡಿದ್ದಾಳೆ. ಮಧ್ಯದಲ್ಲಿ ಗಟ್ಟಿಗಿತ್ತಿಗೆ. "ಇವಳೇ ಅವಕ್ಕೆ ದೊಡ್ಡಕ್ಕ ಮಾವ," ಎಂದಳು. ರೈಟರು ಮತ್ತೆ ಕೇಳಿ ಕಳಿಸಿದ್ದಾರಂತೆ, ಕಾಫಿ ಕೊಯ್ಲಿಗೆ ಆಳಿಲ್ಲ ಎಂದು. ಇವಳು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ನವೆಂಬರಿನಿಂದ ಈಚೆ ಅವಳು ನಕ್ಕಿದ್ದನ್ನು ಇವತ್ತೇ ಕಂಡೆ.

೪ ಜನವರಿ ೨೦೦೮, ಶುಕ್ರವಾರ

ಡಾಕ್ಟರಮ್ಮ ಕೊಪ್ಪದ ಆಸ್ಪತ್ರೆಗೆ ಬರಹೇಳಿದ್ದರು. ಮೂರು ತಾಲೂಕಿನ ಹಂದಿಗೂಡುಗಳ ದಾರಿ ನನಗೆ ಗೊತ್ತು, ನನ್ನ ಸಹಾಯ ಬೇಕು ಎಂದು. ಬೆಂಗಳೂರಿನ ಲ್ಯಾಬಿನಿಂದ ಕಾಗದ ಬಂದಿತ್ತು.

"ಕಿವಿಗೆ ಕಚ್ಚು ಹಾಕ್ತೀರಲ್ಲ ಗಿಡ್ಡಯ್ಯನವರೇ, ಯಾರ ಮನೆ ಹಂದಿ ಅಂತ ಗುರ್ತಿಗೆ? ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ್ರೆ ಅಲ್ಲಿಯವರು ಇನ್ನೊಂದು ಕಚ್ಚು ಹಾಕ್ತಾರೆ."

"ಹೌದಮ್ಮ."

"ವೈರಸ್ಸಿಗೂ ಹಾಗೇನೇ. ಹಂದಿಯಿಂದ ಹಂದಿಗೆ ಹೋಗ್ತಾ ಅದರ ಒಳಗೆ ಸಣ್ಣ ಸಣ್ಣ ಗುರ್ತು ಸೇರ್ಕೊಳ್ತಾ ಹೋಗತ್ತೆ. ಘಟ್ಟದ ಕೆಳಗೆ ಈ ಸಲ ಬಂದಿದ್ದು ಬೇರೆ ಜಾತಿ, ಶಿವಮೊಗ್ಗ ಕಡೆದು ಇನ್ನೊಂದು. ನಮ್ಮ ಈ ಮೂರು ಗೂಡಿಂದು ಮಾತ್ರ ಒಂದೇ. ಕುರಿಯಾಕೋಸರ ತಾಯಿ ಹಂದಿ ನವೆಂಬರಲ್ಲಿ ಮತ್ತೆ ಸತ್ತ ಮರಿ ಹಾಕಿತಲ್ಲ, ಅದರ ತುಂಡೂ ಕಳಿಸಿದ್ದೆ, ಅದರಲ್ಲಿ ಸಿಕ್ಕಿದ್ದಕ್ಕೆ ಇಷ್ಟು ಗುರ್ತು. ಸುಬ್ಬಿ ಗೂಡಿಂದಕ್ಕೆ ಅಷ್ಟೂ ಇದೆ, ಮೇಲೆ ಎರಡು. ಕೆರೆಕಟ್ಟೆದಕ್ಕೆ ಅವೂ ಇವೆ, ಮೇಲೆ ಇನ್ನೊಂದು. ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಅದೇ ಹೇಳ್ತಿದೆ."

ನನಗೆ ಬೆವರು ಬಂತು. ಜನವರಿಯಲ್ಲಿ.

"ಸುಬ್ಬಿಯ ಆ ಸಣ್ಣ ಮರಿ ನೆನಪಿದೆಯಾ?" ಎಂದರು. "ಅದರ ರಕ್ತದ ತುಂಬ ವೈರಸ್ಸು. ಆದರೆ ಮೈ ಅದರ ಮೇಲೆ ಜಗಳಕ್ಕೇ ಹೋಗಿಲ್ಲ. ತಾಯಿ ಹೊಟ್ಟೇಲಿರುವಾಗಲೇ ತಗಲಿದ್ರೆ ಹೀಗಾಗತ್ತೆ. ಮರಿಗೆ ಅದು ಶತ್ರು ಅಂತಲೇ ಗೊತ್ತಾಗಲ್ಲ, ತನ್ನದೇ ಅಂದ್ಕೊಳತ್ತೆ. ತಿಂದ್ಕೊಂಡು ಓಡಾಡ್ಕೊಂಡು ತಿಂಗಳುಗಟ್ಟಲೆ ಇರತ್ತೆ. ಹತ್ರ ಬಂದವಕ್ಕೆಲ್ಲ ಹಂಚ್ತಾ ಇರತ್ತೆ."

"ಗಟ್ಟಿ ಜೀವ ಅಲ್ವಾ ಹಾಗಾದ್ರೆ ಅದು?" ಎಂದೆ.

"ಗಟ್ಟಿ ಎಲ್ಲಿಂದ ಬಂತು? ಅದೂ ಸಾಯೋದೇ. ನಿಧಾನ ಅಷ್ಟೆ. ಸದ್ಯ, ಬೇಗ ಸತ್ತು ಪುಣ್ಯ ಕಟ್ಕೊಂಡಿತು ನೋಡಿ. ಇಲ್ಲದಿದ್ರೆ ಮೂರು ತಾಲೂಕಿಗೂ ಹಂಚಿರೋದು. ಕೆರೆಕಟ್ಟೆಗೆ ಹೆಂಗೆ ಹೋಯ್ತು ಅನ್ನೋದೇ ತಿಳೀತಿಲ್ಲ. ಕಾಡುಹಂದಿ ಕೊಪ್ಪದಿಂದ ಅಲ್ಲಿಗೆ ಬಸ್ಸಲ್ಲಿ ಹೋಗತ್ತಾ?" ಎಂದು ನಕ್ಕರು.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ನಿಲ್ದಾಣದಲ್ಲಿ ಎರಡು ಬಸ್ಸು ಹೋದವು. ಮೂರನೆಯದಕ್ಕೆ ಹತ್ತಿದೆ.

೫ ಜನವರಿ, ಶನಿವಾರ

ಅದನ್ನು ಆರಿಸಿದವನು ನಾನು. ಕೊಟ್ಟವನು ನಾನು. ಹೊತ್ತವನೂ ನಾನು.

೭ ಜನವರಿ, ಸೋಮವಾರ

ಹೇಳಬೇಕೆಂದೇ ಸುಬ್ಬಿಯ ಮನೆಗೆ ಹೋದೆ. ಕಾಫಿ ಕೊಟ್ಟಳು. ಕುಡಿದೆ. ಶುಕ್ರವಾರ ಬರುವ ಮರಿಗಳಿಗೆ ಹಾಸಲು ಒಣ ಎಲೆಯ ದರಗು ಒಟ್ಟಿದ್ದಳು. ಗಟ್ಟಿಗಿತ್ತಿಯ ಹಿಂಗಾಲು ಸ್ವಲ್ಪ ತೂರಾಡುತ್ತಿದೆ. "ಚಳಿಗೆ ಮಾವ. ಹೊಸವು ಬಂದ್ರೆ ಒತ್ತಾಗಿ ಮಲಗ್ತಾವೆ, ಬೆಚ್ಚಗಾಗತ್ತೆ," ಎಂದಳು.

ಹೇಳಿದರೆ ಇದು ಹೋಗುತ್ತದೆ, ಹೊಸವೂ ಬರುವುದಿಲ್ಲ, ಅವಳು ಲೈನಿಗೆ ಹೋಗಬೇಕು. ಹೇಳದಿದ್ದರೆ ಆ ನಾಲ್ಕೂ ಸಾಯುತ್ತವೆ, ಆಮೇಲೂ ಲೈನಿಗೇ ಹೋಗಬೇಕು. ಲೆಕ್ಕ ಇಷ್ಟು ಸುಲಭವಿದ್ದರೂ ಬಾಯಿ ಬರಲಿಲ್ಲ. ಅವಳು ನನ್ನನ್ನು ನೋಡುವ ಹಾಗೆ ಈ ಊರಿನಲ್ಲಿ ನನ್ನನ್ನು ಇನ್ಯಾರೂ ನೋಡುವುದಿಲ್ಲ.

೯ ಜನವರಿ, ಬುಧವಾರ

ಹೇಳಿದೆ.

ಅಂಗಳದಲ್ಲಿ ನಿಂತೇ ಹೇಳಿದೆ, ಕೂರಲಿಲ್ಲ. ಕುರಿಯಾಕೋಸನ ಗೂಡು, ಈ ಗೂಡು, ಬೂತಪ್ಪನ ಏಳು, ಕಾಗದದಲ್ಲಿದ್ದದ್ದು ಎಲ್ಲ. ಗಟ್ಟಿಗಿತ್ತಿ ಅವಳ ಸೀರೆ ಅಂಚು ಜಗಿಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

"ಬೂತಪ್ಪಣ್ಣನವೂ ಸತ್ವಾ?" ಎಂದಳು ಮೊದಲು.

"ಹ್ಞೂಂ."

"ಇದೆಲ್ಲ ಯಾವತ್ತು ಗೊತ್ತಾಗಿದ್ದು ನಿಂಗೆ?"

"ಶುಕ್ರವಾರ."

"ಇವತ್ತು ಬುಧವಾರ."

ಅವಳೇ ಮುಂದೆ ಹೇಳಿದಳು.

"ಸೋಮವಾರ ನೀನು ಬಂದಿದ್ದೆ. ಕಾಫಿ ಕುಡಿದೆ. ದರಗು ಚೆನ್ನಾಗಿದೆ ಅಂದೆ."

ನಾನು ಹಾಗೆ ಅಂದದ್ದು ನನಗೇ ನೆನಪಿರಲಿಲ್ಲ.

"ಸುಬ್ಬೀ, ನಿನಗೆ ಒಳ್ಳೇದಾಗಲಿ ಅಂತ..."

"ಗೊತ್ತು," ಎಂದಳು. ಒಟ್ಟಿದ್ದ ದರಗನ್ನು ಕಾಲಿನಿಂದ ಅಂಗಳದ ಮಧ್ಯಕ್ಕೆ ತಳ್ಳಿದಳು. ಬೆಂಕಿಪೊಟ್ಟಣ ತಂದಳು. ಹೊಗೆ ಏಳುವಾಗ ನನ್ನ ಕಡೆ ತಿರುಗದೆ, ನೀನು ಎನ್ನುತ್ತಿದ್ದವಳು ನೀವು ಎಂದು ಹೇಳಿದಳು, "ಡಾಕ್ಟ್ರಮ್ಮಂಗೆ ಫೋನ್ ಮಾಡಿ. ಸುಳ್ಳು ಹೇಳಿದ್ದು ನೀವು, ನೀವೇ ಮಾಡಿ."

ಮಾಡಿದೆ.

೧೦ ಜನವರಿ, ಗುರುವಾರ

ಡಾಕ್ಟರಮ್ಮ ಬಂದು ಮರಿಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. "ಬೂತಪ್ಪನವರ ಹತ್ರ ನೀವೇ ಹೋಗಿ ಹೇಳಬೇಕು, ನಾನು ಹೇಳಲ್ಲ," ಎಂದರಷ್ಟೆ. ಸೂಜಿ ಚುಚ್ಚುವಾಗ ಹಿಡಿದುಕೊಳ್ಳಲು ನಾನು ಮುಂದೆ ಹೋದೆ. ಆ ಕೆಲಸವನ್ನು ನಲವತ್ತು ವರ್ಷ ಮಾಡಿದವನು. ಸುಬ್ಬಿ ನನ್ನ ಕೈ ಸರಿಸಿ ತಾನೇ ಹಿಡಿದಳು. ಬೆಲ್ಲದ ಚೂರು ತಿನ್ನಿಸಿದಳು. ಬೆಲ್ಲ ಮುಗಿಯುವ ಮೊದಲೇ ಅದು ಮುಗಿಯಿತು.

ಗೂಡು ಮೂರು ತಿಂಗಳು ಖಾಲಿ ಇರಬೇಕಂತೆ. ನಾಲ್ಕು ಹೊಸ ಮರಿಗಳು ಪಟ್ಟಿಯಲ್ಲಿದ್ದ ಮುಂದಿನವಳಿಗೆ, ಅಡ್ಡಗದ್ದೆಯ ಸುಲೋಚನಮ್ಮನಿಗೆ ಹೋಗುತ್ತವೆ.

೧೨ ಜನವರಿ, ಶನಿವಾರ

ಕೆರೆಕಟ್ಟೆಗೆ ಹೋಗಿದ್ದೆ. ಬೂತಪ್ಪ ಪೂರ್ತಿ ಕೇಳಿ ಬೀಡಿ ಹಚ್ಚಿದ. ಅರ್ಧ ಸೇದಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

"ಹಂದಿ ಹೋಗ್ಲಿ ಮಾರಾಯ. ಡಾಕ್ಟರು ಕೇಳಿದಾಗ ಹೊರಗಿಂದು ಬಂದಿಲ್ಲ ಅಂತ ನಿನ್ ಮುಖ ನೋಡ್ಕೊಂಡು ಸುಳ್ಳು ಹೇಳ್ದೆ. ನಿಜ ಹೇಳಿದ್ರೆ ಸುಬ್ಬಿ ಗೂಡಿಗೆ ಇದು ತಿರುಗಿ ಹೋಗ್ತಿರ್ಲಿಲ್ಲ. ಆ ಕೂಸು ಎಂತ ಮಾಡಿತ್ತು ನಮಗೆ?"

ಅವನ ಹೆಂಡತಿ ಊಟಕ್ಕೆ ಕರೆದಳು. ಕೂತೆ. ಅನ್ನ ಇಳಿಯಲಿಲ್ಲ.

೧೪ ಜನವರಿ, ಸೋಮವಾರ

ಎಸ್ಟೇಟಿನ ಜೀಪು ಬೆಳಿಗ್ಗೆ ಆರೂವರೆಗೆ ಕೊಪ್ಪದ ಸರ್ಕಲ್ಲಿಗೆ ಬರುತ್ತದೆ. ನಾನು ನಿನ್ನೆಯೇ ಬಂದು ಪರಿಚಯದವರ ಮನೆಯಲ್ಲಿ ಉಳಿದಿದ್ದೆ. ಕೊಯ್ಲಿನ ಹೆಂಗಸರು ಆಗಲೇ ಹಿಂದೆ ಕೂತಿದ್ದರು. ಸುಬ್ಬಿ ಒಂದು ಟ್ರಂಕು, ಒಂದು ಚಾಪೆ ಹಿಡಿದು ಬಂದಳು. ರೈಟರು ಮುಂದಿನ ಸೀಟಿನಲ್ಲಿದ್ದರು. "ಬಂದ್ಯಾ ಸುಬ್ಬಿ? ಕೋಣೆ ಗುಡಿಸಿಟ್ಟಿದೀವಿ," ಎಂದರು. ಅವಳು ಚಾಪೆ ಎಸೆದು ಹಿಂದೆ ಹತ್ತಿದಳು.

ಟ್ರಂಕು ಎತ್ತಿ ಕೊಟ್ಟೆ. ತೆಗೆದುಕೊಂಡಳು. ಸೊಂಟದಿಂದ ಗೂಡಿನ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಭಾನುವಾರ ಭಾನುವಾರ ಸುಣ್ಣದ ನೀರು ಹೊಡೀಬೇಕು. ಬಾಗಿಲು ತೆಗೆದು ಬಿಸಿಲು ಬೀಳಿಸಿ. ಏಪ್ರಿಲ್ ಹದಿನೈದಕ್ಕೆ ನಾನು ಬರ್ತೀನಿ."

"ಆಯ್ತು ಸುಬ್ಬಿ."

ಜೀಪು ಹೊರಟಿತು. ಹತ್ತು ಮಾರು ಹೋದ ಮೇಲೆ ಅವಳು ಹಿಂದಿನ ಕಂಬಿ ಹಿಡಿದು ಎದ್ದು ನಿಂತು ಕೂಗಿ ಹೇಳಿದಳು, ಸರ್ಕಲ್ಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ:

"ಮಾವ, ಅಲ್ಲೀವರೆಗೆ ಯಾವ ಮರಿನೂ ಒಳಗೆ ಬಿಡಬೇಡಿ! ನಿಮಗೆ ಚೆಂದ ಕಂಡಿದ್ದನ್ನಂತೂ ಬಿಡಲೇಬೇಡಿ!"

ಬಿಡುವುದಿಲ್ಲ ಎಂದು ನಾನೂ ಕೂಗಿದೆ.